ಬ್ಯಾಶ್ ಬಿಟ್ಟು ಫಿಶ್ ಹಿಡಿಯಬೇಕೇ?

ನಾವು ಟೈಪ್ ಮಾಡಿದ ಕಮಾಂಡ್ ಓದಿ ಕಂಪ್ಯೂಟರ್‌ನಿಂದ ಕೆಲಸ ಮಾಡಿಸುವ ಪ್ರೋಗ್ರಾಮೇ ಶೆಲ್. ಬ್ಯಾಶ್, ಫಿಶ್ ಎರಡೂ ಅಂಥವೇ. ಯಾವುದನ್ನು ಬಳಸಬೇಕು ಎಂಬುದಕ್ಕೆ ಇಲ್ಲಿ ಎರಡು ಅಭಿಪ್ರಾಯ.

ಪರ: ನೆನಪಿಡಬೇಕಾದ್ದು ಶೆಲ್, ನಾವಲ್ಲ

ಒಂದು ಫೋಲ್ಡರ್‌ನಲ್ಲಿ ‘ಬಿಲ್’ ಅಂತ ಒಂದು ಫೈಲ್ ಇತ್ತು, ‘ಬಿಲ್ ಹಳೆಯದು’ ಅಂತ ಇನ್ನೊಂದು. ಹಳೆಯದನ್ನು ಅಳಿಸಬೇಕಿತ್ತು. ಅದರ ಹೆಸರನ್ನು ವೇರಿಯಬಲ್ ಎಂಬ ಡಬ್ಬಿಯಲ್ಲಿ ಇಟ್ಟು, ಫೈಲ್ ಅಳಿಸುವ ಆರ್‌ಎಂ ಕಮಾಂಡ್ ಕೊಟ್ಟೆ. ಸುತ್ತ ಕೋಟ್ಸ್ ಹಾಕುವುದು ಮರೆತಿದ್ದೆ. ಬ್ಯಾಶ್ ಆ ಹೆಸರನ್ನು ಸ್ಪೇಸ್ ಇದ್ದಲ್ಲಿ ಮುರಿದು ಎರಡು ಮಾಡಿತು. ‘ಬಿಲ್’ ಅಳಿಸಿಹೋಯಿತು. ‘ಹಳೆಯದು’ ಎಂಬ ಫೈಲೇ ಇಲ್ಲ ಅಂತ ಎರರ್ ಬಂತು. ಬೇಕಾದದ್ದು ಹೋಯಿತು, ಬೇಡದ್ದು ಉಳಿಯಿತು.

ಈ ಗುಣ 1979ರ ಬೋರ್ನ್ ಶೆಲ್‌ನಿಂದ ಬಂದದ್ದು. 1989ರಲ್ಲಿ ಬ್ರಯಾನ್ ಫಾಕ್ಸ್ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಗೆ ಬ್ಯಾಶ್ ಬರೆದುಕೊಟ್ಟಾಗ ಹಾಗೇ ಮುಂದುವರಿಯಿತು. ಅಂದಿನಿಂದ ಇಂದಿನವರೆಗೆ ‘ಕೋಟ್ಸ್ ಹಾಕದ್ದು ನಿನ್ನ ತಪ್ಪು’ ಅಂತ ಹೊಸಬರನ್ನು ಬೈಯುತ್ತಾ ಬಂದಿದ್ದೇವೆ. ಇದು ನ್ಯಾಯವಲ್ಲ. ಫಿಶ್‌ನಲ್ಲಿ ಒಂದು ಹೆಸರು ಇಟ್ಟರೆ ಅದು ಒಂದೇ ಹೆಸರಾಗಿ ಉಳಿಯುತ್ತದೆ, ಕೋಟ್ಸ್ ಇರಲಿ ಬಿಡಲಿ.

2005ರಲ್ಲಿ ಬಂದ ಫಿಶ್ ಕೀಬೋರ್ಡ್ ಮುಂದೆ ಕೂತ ಮನುಷ್ಯನಿಗಾಗಿಯೇ ಮಾಡಿದ್ದು. ಟೈಪ್ ಮಾಡುತ್ತಿದ್ದಂತೆ ಹಿಂದೆ ಬಳಸಿದ ಕಮಾಂಡ್ ಬೂದು ಬಣ್ಣದಲ್ಲಿ ಮುಂದೆ ಕಾಣುತ್ತದೆ, ಬಲ ಬಾಣದ ಕೀ ಒತ್ತಿದರೆ ಸಾಲು ಪೂರ್ತಿಯಾಗುತ್ತದೆ. ಕಮಾಂಡ್‌ನ ಹೆಸರು ತಪ್ಪಿದ್ದರೆ ಎಂಟರ್ ಒತ್ತುವ ಮೊದಲೇ ಕೆಂಪಗೆ ತೋರಿಸುತ್ತದೆ. ಒಂದೇ ಒಂದು ಸೆಟ್ಟಿಂಗ್ ಮುಟ್ಟಬೇಕಿಲ್ಲ.

ಹಳೆಯ ಸ್ಕ್ರಿಪ್ಟ್‌ಗಳ, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್‌ಗಳ, ಗತಿ ಏನು ಅಂತ ಕೇಳುತ್ತಾರೆ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬ್ಯಾಶ್ ಅಂತ ಇದ್ದರೆ ಫಿಶ್‌ನಿಂದ ಓಡಿಸಿದರೂ ಅದು ಬ್ಯಾಶ್‌ನಲ್ಲೇ ಓಡುತ್ತದೆ. ಮ್ಯಾಕ್ ಕೂಡ 2019ರಲ್ಲಿ ಬ್ಯಾಶ್ ಬದಲು ಝೀ ಶೆಲ್ ಕೊಡಲು ಶುರು ಮಾಡಿತು. ಯಾರ ಕೆಲಸವೂ ನಿಂತಿಲ್ಲ ಅಲ್ವಾ?

ವಿರೋಧ: ಕೈಗೆ ಎರಡು ಅಭ್ಯಾಸ ಬೇಡ

ಫಿಶ್ ಚೆನ್ನಾಗಿದೆ. ನಾನೇ 6 ತಿಂಗಳು ಬಳಸಿದ್ದೇನೆ. ಆದರೆ ನನ್ನ ಕೆಲಸ ಸರ್ವರ್ ನೋಡಿಕೊಳ್ಳುವುದು.

ಒಂದು ರಾತ್ರಿ 2 ಗಂಟೆಗೆ ಡಿಸ್ಕ್ ತುಂಬಿದೆ ಅಂತ ಫೋನ್ ಬಂತು. ಎಸ್‌ಎಸ್‌ಎಚ್ ಮಾಡಿ, ಅಂದರೆ ದೂರದಿಂದಲೇ ಲಾಗಿನ್ ಆಗಿ, ಸರ್ವರ್ ಒಳಗೆ ಹೋದೆ. ಲಾಗ್ ಫೈಲ್‌ಗಳನ್ನು ಒಂದೊಂದಾಗಿ ಖಾಲಿ ಮಾಡಲು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್ ಬರೆದೆ. ಸಿಂಟ್ಯಾಕ್ಸ್ ಎರರ್. ಮತ್ತೆ ಬರೆದೆ, ಮತ್ತೆ ಅದೇ. ನಿದ್ದೆಗಣ್ಣಲ್ಲಿ ಕೈ ತಾನಾಗಿ ಫಿಶ್ ರೀತಿ ‘ಡು’ ಬಿಟ್ಟು, ‘ಡನ್’ ಬದಲು ‘ಎಂಡ್’ ಹೊಡೆಯುತ್ತಿತ್ತು. ಗೊತ್ತಿಲ್ಲದೆ ಆದ ತಪ್ಪಲ್ಲ ಅದು. ಎರಡು ಶೆಲ್ ರೂಢಿಸಿಕೊಂಡ ಕೈ ಮಾಡಿದ ತಪ್ಪು.

ನಮ್ಮದಲ್ಲದ ಮಷೀನ್‌ನಲ್ಲಿ ಫಿಶ್ ಇರುವುದು ತೀರಾ ಅಪರೂಪ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಕಂಟೇನರ್ ಆದರೆ ಬ್ಯಾಶ್ ಕೂಡ ಇರುವುದಿಲ್ಲ, ಬಿಝಿಬಾಕ್ಸ್‌ನ ಆ್ಯಶ್ ಎಂಬ ಶೆಲ್ ಇರುತ್ತದೆ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಸಿಸ್ಟಂ ಸ್ಕ್ರಿಪ್ಟ್‌ಗಳಿಗೆ ಡ್ಯಾಶ್ ಎಂಬ ಶೆಲ್. ಆದರೂ ಬ್ಯಾಶ್, ಆ್ಯಶ್, ಡ್ಯಾಶ್ ಮೂರೂ ಬೋರ್ನ್ ಮನೆತನದವೇ. ಒಂದು ಲೂಪ್ ಕಲಿತರೆ ಮೂರೂ ಕಡೆ ನಡೆಯುತ್ತದೆ. ಇನ್ನು ಇನ್‌ಸ್ಟಾಲ್ ಮಾಡುವ ಸೂಚನೆಗಳು. ಕಾನ್ಫಿಗ್ ಫೈಲ್‌ನ ಸಾಲುಗಳನ್ನೆಲ್ಲ ಕಮಾಂಡ್ ಜೊತೆಗೇ ಬರೆದುಕೊಡುವ ಹಿಯರ್‌ಡಾಕ್ ಅವುಗಳಲ್ಲಿ ಜಾಸ್ತಿ. ಫಿಶ್‌ಗೆ ಅದು ಗೊತ್ತೇ ಇಲ್ಲ. ಕಾಪಿ ಮಾಡಿ ಅಂಟಿಸಿದರೆ ಎರರ್.

ಫಿಶ್ ಕಟ್ಟುವವರಿಗೂ ಈ ತೊಂದರೆ ಅರ್ಥವಾಗಿದೆ ಅನ್ನಿಸುತ್ತದೆ. ಎರಡು ಕಮಾಂಡ್ ಜೋಡಿಸುವ ಜೋಡಿ ಆ್ಯಂಪರ್‌ಸ್ಯಾಂಡ್ ಅನ್ನು 2018ರಲ್ಲಿ ಒಪ್ಪಿಕೊಂಡರು. ಡಾಲರ್ ಹಾಕಿ ಬ್ರಾಕೆಟ್ ಒಳಗೆ ಕಮಾಂಡ್ ಬರೆಯುವ ರೀತಿಯನ್ನು 2022ರಲ್ಲಿ ಸೇರಿಸಿಕೊಂಡರು. ಫಿಶ್ಶೇ ಹಳೆಯ ದಾರಿಯ ಕಡೆ ಬರುತ್ತಿರುವಾಗ ನಾವು ಯಾಕೆ ದೂರ ಹೋಗಬೇಕು?

ಕೋಟ್ಸ್ ಮರೆತು ಫೈಲ್ ಕಳೆದುಕೊಳ್ಳುವುದು ನಿಜವಾದ ನೋವೇ. ಸ್ಕ್ರಿಪ್ಟ್ ಆದರೆ ತಪ್ಪು ಹುಡುಕುವ ಶೆಲ್‌ಚೆಕ್ ಎಂಬ ಟೂಲ್ ಓಡಿಸಿ, ಕೋಟ್ಸ್ ಬಿಟ್ಟುಹೋದ ಸಾಲನ್ನು ಅದು ನಂಬರ್ ಸಮೇತ ತೋರಿಸುತ್ತದೆ. ಹಳೆಯ ಕಮಾಂಡ್ ಹುಡುಕಲು ಬ್ಯಾಶ್‌ನಲ್ಲಿ ಕಂಟ್ರೋಲ್-ಆರ್ ಇದೆ. ಬೂದು ಅಕ್ಷರದಷ್ಟು ಚೆಂದವಿಲ್ಲ, ನಿಜ. ಆದರೆ ಬ್ಯಾಶ್ ಇರುವ ಯಾವ ಸರ್ವರ್‌ಗೆ ಹೋದರೂ ಸಿಗುತ್ತದೆ. ಆ ರಾತ್ರಿಯ ಮರುದಿನವೇ ನನ್ನ ಲ್ಯಾಪ್‌ಟಾಪ್‌ನ ಶೆಲ್ ಅನ್ನು ಮತ್ತೆ ಬ್ಯಾಶ್‌ಗೆ ಬದಲಾಯಿಸಿದೆ.