ರೂಟರ್ ಟೇಬಲ್ಲಿಗೆ ಅಕ್ರಿಲಿಕ್ ಬೇಡ, ವೈಂಡಿಂಗ್ ಅಂಗಡಿಯ ಹೈಲಂ ಇರಲಿ

ತಿರುಗುವ ಬಿಟ್ಟಿನಿಂದ (ಅಲಗಿನಿಂದ) ಮರ ಕೊರೆಯುವ ರೂಟರ್ ಯಂತ್ರವನ್ನು ಮೇಜಿನಡಿಗೆ ತಲೆಕೆಳಗಾಗಿ ಕಟ್ಟಿ ಕೆಲಸ ಮಾಡುವ ಹವ್ಯಾಸ ನಮ್ಮ ಕಾಸರಗೋಡಿಗೂ ಬಂದಿದೆ. ಆದರೆ ರೂಟರನ್ನು ಹೊರುವ ಪ್ಲೇಟು ಯಾವುದರದ್ದಾಗಬೇಕು ಎಂಬಲ್ಲಿ ಘಟ್ಟದ ಮೇಲಿನವರ ದಾರಿಯೇ ಬೇರೆ, ನಮ್ಮದೇ ಬೇರೆ. ಬೆಂಗಳೂರಿನ ಭಾವ ಮೊಬೈಲಿನಲ್ಲೇ ಅಳತೆ ಕಳಿಸಿ, ಲೇಸರಿನಲ್ಲಿ ಕತ್ತರಿಸಿದ ಅಕ್ರಿಲಿಕ್ ಎಂಬ ಗಾಜಿನಂಥ ಪ್ಲಾಸ್ಟಿಕ್ ತರಿಸಿಕೊಂಡರು. "ಅಡಿಯಲ್ಲಿರುವುದೆಲ್ಲ ಕಾಣುತ್ತದೆ ಭಾವ, ನೀವೂ ಇದನ್ನೇ ಹಾಕಿ" ಅಂದರು. ನಾನು ಒಪ್ಪಲಿಲ್ಲ. ನನ್ನ ಆಯ್ಕೆ ಹೈಲಂ, ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುವ ಕಂದು ಹಲಗೆ.

ಮೇಜಿನ 25 ಮಿ.ಮೀ. ದಪ್ಪದ ಹಲಗೆಗೆ ರೂಟರನ್ನು ನೇರವಾಗಿ ಬಿಗಿದರೆ ಬಿಟ್ಟಿನ ಉದ್ದವೆಲ್ಲ ಹಲಗೆಯ ದಪ್ಪದಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಪ್ಲೇಟು ತೆಳ್ಳಗಿರಬೇಕು, ಬಾಗಲೂಬಾರದು. ಅರ್ಧ ಇಂಚಿನ ಬಿಟ್ ಹಿಡಿಯುವ ದೊಡ್ಡ ರೂಟರ್ ನಾಲ್ಕರಿಂದ ಆರು ಕಿಲೋ ತೂಗುತ್ತದೆ. ಅಷ್ಟು ಭಾರ ಹಗಲೂ ರಾತ್ರಿಯೂ ನೇತಾಡುತ್ತಿದ್ದರೆ ಪ್ಲಾಸ್ಟಿಕ್ ಮೆಲ್ಲಮೆಲ್ಲನೆ ಇಳಿಯುತ್ತದೆ. ಆಮೇಲೆ ಭಾರ ತೆಗೆದರೂ ಪೂರ್ತಿ ಮೊದಲಿನಂತಾಗುವುದಿಲ್ಲ. ನಡು ಅರ್ಧ ಮಿ.ಮೀ. ತಗ್ಗಿದರೆ ಏನಾಗುತ್ತದೆಂದು ಹಲಸಿನ ಹಲಗೆಯ ಅಂಚಿಗೆ ಗಾಡಿ (ಉದ್ದನೆಯ ಕಾಲುವೆಯಂಥ ಕೊರೆತ) ಹೊಡೆಯುವಾಗ ನೋಡಬೇಕು. ಹಲಗೆ ತಗ್ಗಿನ ಎರಡೂ ಕಡೆ ಸಂಕದ (ಕಿರುಸೇತುವೆಯ) ಹಾಗೆ ಕೂತಿರುವಷ್ಟು ಹೊತ್ತು ಗಾಡಿಯ ಆಳ ಕಡಿಮೆ. ತುದಿ ಬರುತ್ತಲೇ ಹಲಗೆ ತಗ್ಗಿಗೆ ಇಳಿದು ಅಲ್ಲಿ ಮಾತ್ರ ಆಳ ಹೆಚ್ಚು. ಜೋಡಿಸುವಾಗ ಮೂಲೆಯಲ್ಲಿ ಸಂದು ಬಾಯಿ ಬಿಡುತ್ತದೆ. ನಡು ಕೂದಲೆಳೆಯಷ್ಟು ಉಬ್ಬಿದ್ದರೆ ನಡೆದೀತು, ತಗ್ಗಿದ್ದರೆ ಮಾತ್ರ ಆಗದು.

ಅಕ್ರಿಲಿಕ್ಕಿನಲ್ಲಿ ಬಿರುಕಿನ ಕಾಟವೂ ಇದೆ. ಸ್ಕ್ರೂವಿನ ತಲೆ ಒಳಗೆ ಇಳಿಯಲೆಂದು ತೂತಿನ ಬಾಯನ್ನು ಓರೆಯಾಗಿ ಕೊರೆದಲ್ಲಿ, ಬಿಗಿದಷ್ಟೂ ಅದು ಪಕ್ಕಕ್ಕೆ ಒತ್ತಿ ಸೀಳುತ್ತದೆ. ಪಾಲಿಕಾರ್ಬನೇಟ್ ಎಂಬ ಇನ್ನೊಂದು ಪ್ಲಾಸ್ಟಿಕ್ ಸೀಳುವುದಿಲ್ಲ, ಆದರೆ ಇನ್ನೂ ಹೆಚ್ಚು ಬಾಗುತ್ತದೆ. ಪ್ಲೈವುಡ್ಡಿನ ಮಾತೇ ಬೇಡ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮದು.

ನಮ್ಮಲ್ಲಿ ಅಡಿಕೆ ತೋಟವಿದ್ದಲ್ಲಿ ಪಂಪು, ಪಂಪಿದ್ದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಮೋಟಾರಿನ ಡಬ್ಬಿ ಬಿಚ್ಚಿದರೆ ತಂತಿಗಳನ್ನು ಬಿಗಿದಿರುವ ಕಂದು ಹಲಗೆಯೊಂದು ಕಾಣುತ್ತದಲ್ಲ, ಅದೇ ಹೈಲಂ. ಕಾಗದದ ಅಥವಾ ಬಟ್ಟೆಯ ಪದರಗಳನ್ನು ಫಿನಾಲಿಕ್ ರಾಳದಲ್ಲಿ ನೆನೆಸಿ, ಬಿಸಿಯಲ್ಲಿ ಒತ್ತಿ ಮಾಡಿದ್ದು. ರೂಟರ್ ಟೇಬಲ್ಲಿಗೆಂದೇ ಸಿದ್ಧವಾಗಿ ಮಾರುವ ದುಬಾರಿ ಫಿನಾಲಿಕ್ ಪ್ಲೇಟುಗಳೂ ಇದೇ ಜಾತಿಯವು. ಪ್ಲಾಸ್ಟಿಕ್ಕಿಗಿಂತ ಬಿಗಿ (ಬಾಗದೆ ನಿಲ್ಲುವ ಗುಣ) ಬಹಳ ಹೆಚ್ಚು. ದಪ್ಪ ಹೆಚ್ಚಿದಂತೆ ಬಿಗಿ ಅದರ ಘನದಷ್ಟು ಏರುತ್ತದೆ: 6 ಮಿ.ಮೀ. ಬದಲು 10 ಹಾಕಿದರೆ ನಾಲ್ಕೂವರೆ ಪಟ್ಟು. ಹಾಗಾಗಿ 10 ಮಿ.ಮೀ. ಕೇಳಿ. ಅಂಗಡಿಯಲ್ಲಿ ಆ ದಪ್ಪದ್ದು ಇಲ್ಲದಿದ್ದರೆ ಮಂಗಳೂರಿನಿಂದ ತರಿಸಿಕೊಡಲು ಹೇಳಿ. ಎದುರಿಗೆ ನಿಂತು ಹಲಗೆಯ ಮೇಲೆ ಮಟ್ಟಗೋಲು ಇಟ್ಟು ಬೆಳಕು ನುಸುಳುತ್ತದೆಯೇ ಎಂದು ನೋಡಿಯೇ ಕೊಳ್ಳಬಹುದು. ಕೊರಿಯರಿನಲ್ಲಿ ಬರುವ ಪ್ಲೇಟಿಗೆ ಈ ಅನುಕೂಲ ಎಲ್ಲಿದೆ?

ಕಾರ್ಬೈಡ್ ಹಲ್ಲಿನ ಬ್ಲೇಡಿನಲ್ಲಿ ಹೈಲಂ ಚೆನ್ನಾಗಿ ಕತ್ತರಿಸಲು ಬರುತ್ತದೆ. ವಾಸನೆ ಮಾತ್ರ ಕೆಟ್ಟದು, ಧೂಳು ಎದೆಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿ ಅಂಗಳದಲ್ಲೇ ಕತ್ತರಿಸಿ. ಕತ್ತರಿಸಿದ ಅಂಚು ತೇವ ಎಳೆಯುತ್ತದೆ, ಆಟಿ (ಜುಲೈ-ಆಗಸ್ಟಿನ ಮಳೆ ತಿಂಗಳು) ಬರುವ ಮೊದಲೇ ವಾರ್ನಿಶ್ ಹಚ್ಚಬೇಕು.

ದಿನವಿಡೀ ರೂಟರ್ ಓಡಿಸುವ ಆಚಾರಿಗಳಿಗೆ ನಾನು 6 ಮಿ.ಮೀ. ಅಲ್ಯೂಮಿನಿಯಂ ಹೇಳುತ್ತೇನೆ. ಅಷ್ಟೇ ದಪ್ಪದ ಪಾಲಿಕಾರ್ಬನೇಟಿಗಿಂತ ಅದರ ಬಿಗಿ ಸುಮಾರು ಮೂವತ್ತು ಪಟ್ಟು. ಆದರೆ ಆನೊಡೈಸ್ ಆಗದ (ಮೇಲ್ಮೈಗೆ ಗಟ್ಟಿ ಪೊರೆ ಬರಿಸದ) ಅಲ್ಯೂಮಿನಿಯಂ ಹಲಸಿನಂಥ ತಿಳಿಬಣ್ಣದ ಮರಕ್ಕೆ ಕಪ್ಪು ಗೀರು ಬಳಿಯುತ್ತದೆ, ಆಗಾಗ ಮೇಣ ಉಜ್ಜುತ್ತಿರಬೇಕು.

ಯಾವುದನ್ನೇ ಹಾಕಿ, ಪ್ಲೇಟು ಕೂರುವ ಗುಂಡಿಯ ನಾಲ್ಕು ಮೂಲೆಗೂ ಅಡಿಯಿಂದ ಎಂ6 (6 ಮಿ.ಮೀ. ದಪ್ಪದ) ಸ್ಕ್ರೂ ಇರಲಿ. ಮಳೆಗಾಲದಲ್ಲಿ ಮೇಜಿನ ಮರ ಉಬ್ಬಿದಾಗ ಕಾಲು ಸುತ್ತು ತಿರುಗಿಸಿದರೆ ಪ್ಲೇಟು ಕಾಲು ಮಿ.ಮೀ. ಏರುತ್ತದೆ.