ಎರಡೇ ವಾರಕ್ಕೆ 85 ಪರ್ಸೆಂಟ್!

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಓದುವ ಕಾಲೇಜಿಗೆ ಇದ್ದಕ್ಕಿದ್ದಂತೆ ಕಾಳಜಿ ಬಂದಿದೆ. ಸೆಮಿಸ್ಟರ್ ಶುರುವಾಗಿ ಎರಡು ವಾರ, ಆಗಲೇ "ಪಾಠ ಹೇಗೆ ನಡೀತಿದೆ ಮಕ್ಕಳೇ?" ಎಂದು ಫಾರ್ಮ್ ಕಳಿಸಿದ್ದಾರೆ.

ಕೇಳುವುದು ಒಳ್ಳೆಯದೇ, ಅಲ್ವಾ? ಪರೀಕ್ಷೆ ಮುಗಿದ ಮೇಲೆ ಕೇಳಿದರೆ ಆ ಬ್ಯಾಚಿಗೆ ಏನು ಬಂತು. ಈಗಲೇ ಕೇಳಿದರೆ ಮೇಷ್ಟ್ರು ಸ್ವಲ್ಪ ನಿಧಾನ ಮಾಡಬಹುದು, ತಲೆಗೆ ಹೋಗದ್ದನ್ನು ಇನ್ನೊಮ್ಮೆ ಹೇಳಬಹುದು. ಅದಕ್ಕೆ ಮೂರು ಪ್ರಶ್ನೆ ಸಾಕು. ಆದರೆ ಆ ಮೂರನ್ನು ಕೂತು ಬರೆಯುವವರು ಯಾರು? ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಇದ್ದೇ ಇದೆಯಲ್ಲ, 21 ಪ್ರಶ್ನೆಗಳದ್ದು, ಪಾಠ ಕೇಳಿ ಮುಗಿಸಿದವರಿಗೆ ಹೊಂದುವಂಥದ್ದು, ಅದನ್ನೇ ಎತ್ತಿ ಗೂಗಲ್ ಫಾರ್ಮಿಗೆ ಅಂಟಿಸಿದರು.

ಮೊದಲ ಪ್ರಶ್ನೆಯೇ, ಸಿಲಬಸ್ ಎಷ್ಟು ಮುಗಿದಿದೆ? 85ರಿಂದ 100 ಪರ್ಸೆಂಟ್ ಆದರೆ 4 ಅಂಕ, 30ಕ್ಕಿಂತ ಕಮ್ಮಿ ಇದ್ದರೆ ಸೊನ್ನೆ. ಎರಡನೇ ವಾರದಲ್ಲಿ! ಹಳಿ ಮೇಲೆ ಮಳೆ ನೀರು ನಿಂತು ಲೋಕಲ್ಲೇ ಓಡಲಿಲ್ಲ, ಇನ್ನು ಸಿಲಬಸ್ ಎಲ್ಲಿಂದ ಓಡಬೇಕು? ಹುಡುಗಿ ಪಾಪ, ಇದ್ದದ್ದು ಇದ್ದ ಹಾಗೆ ಸೊನ್ನೆ ಒತ್ತಿದಳು. ಸಂಜೆಯೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು: "ಕೆಲವರು ಸೊನ್ನೆ ಕೊಟ್ಟಿದ್ದೀರಿ. ಕಾಲೇಜಿನ ಮರ್ಯಾದೆ ಪ್ರಶ್ನೆ. ಮತ್ತೆ ತುಂಬಿ." ಹೆಸರು ಗುಟ್ಟಾಗಿಡುತ್ತೇವೆ ಎಂದು ಫಾರ್ಮಿನ ತಲೆಯಲ್ಲೇ ಬರೆದಿದೆ, ಅದರ ಕೆಳಗೇ ರೋಲ್ ನಂಬರ್ ಕಡ್ಡಾಯ.

ಇಂಟರ್ನಲ್ ಮಾರ್ಕ್ಸ್ ನ್ಯಾಯವಾಗಿ ಕೊಡುತ್ತಾರಾ ಎಂದೂ ಕೇಳಿದ್ದಾರೆ. ಒಂದು ಟೆಸ್ಟೂ ಆಗಿಲ್ಲ. ಆಗದ ಟೆಸ್ಟಿನಲ್ಲಿ ಅನ್ಯಾಯವೂ ಆಗಿರುವುದಿಲ್ಲ, ಧಾರಾಳವಾಗಿ 4 ಒತ್ತಬಹುದು.

ಸ್ಟ್ಯಾಟಿಸ್ಟಿಕ್ಸಿನ ಕಥೆ ಇನ್ನೂ ಚೆನ್ನಾಗಿದೆ. ಅದಕ್ಕೆ ಮೇಷ್ಟ್ರೇ ಬಂದಿಲ್ಲ. ಸಿಎಚ್‌ಬಿ ಪೋಸ್ಟು, ಅಂದರೆ ತಾಸಿನ ಲೆಕ್ಕದಲ್ಲಿ ದುಡ್ಡು, ಆರ್ಡರ್ ಇನ್ನೂ ಆಗಿಲ್ಲವಂತೆ. "ಪಾಠವನ್ನೇ ಮಾಡುವುದಿಲ್ಲ" ಎಂಬ ಆಯ್ಕೆ ಆ ಸಮೀಕ್ಷೆಯಲ್ಲೇ ಇದೆ, ಯಾರೂ ಮುಟ್ಟಲಿಲ್ಲ. ಬಾರದ ಮೇಷ್ಟ್ರ ತಯಾರಿಗೆ ಇಡೀ ಕ್ಲಾಸು ಫುಲ್ ಮಾರ್ಕ್ಸ್ ಕೊಟ್ಟಿದೆ.

ಯಾಕಿಷ್ಟು ಅವಸರ ಅಂತೀರಾ? ನ್ಯಾಕ್ ಗ್ರೇಡ್ ಕೊಡುತ್ತಿದ್ದ ಮ್ಯಾನುವಲ್ ತೆಗೆದು ನೋಡಿ. ಅಭಿಪ್ರಾಯ ಸುಮ್ನೆ ಸಂಗ್ರಹಿಸಿದರೆ ಒಂದು ಮೆಟ್ಟಿಲು, ವಿಶ್ಲೇಷಿಸಿದರೆ ಇನ್ನೊಂದು, ಕ್ರಮ ಕೈಗೊಂಡರೆ ಮತ್ತೊಂದು, ಅದೆಲ್ಲ ವೆಬ್‌ಸೈಟಿಗೆ ಏರಿದರೆ ತುದಿ. ಪಾಠ ಸುಧಾರಿಸಿತಾ ಎಂದು ಕೇಳುವ ಮೆಟ್ಟಿಲು ಅಲ್ಲಿಲ್ಲ.

ಈ ಕಾಲೇಜು ತುದಿ ಮುಟ್ಟಿದೆ. ರಿಪೋರ್ಟು ವೆಬ್‌ಸೈಟಿನಲ್ಲಿದೆ, ಬಣ್ಣದ ಪೈ ಚಾರ್ಟ್ ಸಮೇತ. "ಕೈಗೊಂಡ ಕ್ರಮ" ಎಂಬಲ್ಲಿ ಕ್ಯಾಂಟೀನಿಗೆ ಎರಡು ಹೊಸ ಫ್ಯಾನ್ ಎಂದಿದೆ. ಕ್ಯಾಂಟೀನಿನ ಬಗ್ಗೆ ಪ್ರಶ್ನೆಯೇ ಇರಲಿಲ್ಲ.