ತಯಾರಿ ಎಂಬ ಕಾಯಂ ನೌಕರಿ

ನಮ್ಮ ದಾವಣಗೆರೆಯಲ್ಲಿ ಮನೆಗೆ ಬಂದ ನೆಂಟರು ಕೈಕಾಲು ತೊಳೆದು, ನೀರು ಕುಡಿದು, ಮಂಡಕ್ಕಿಯ ತಟ್ಟೆಗೆ ಕೈ ಹಾಕುವುದರೊಳಗೆ ಎರಡು ಪ್ರಶ್ನೆ ಕೇಳಿ ಮುಗಿಸುತ್ತಾರೆ. ಮೊದಲನೆಯದು, "ಮಗ ಏನು ಮಾಡಿಕೊಂಡಿದ್ದಾನೆ?" ಅದಕ್ಕೆ ನೀವು ಏನೇ ಹೇಳಿ, ಎರಡನೆಯದು ಸಿದ್ಧವಾಗಿರುತ್ತದೆ: "ಪರ್ಮನೆಂಟಾ?" ಕಾಯಂ ಎಂಬ ಒಳ್ಳೆಯ ಪದ ನಮ್ಮಲ್ಲಿಯೇ ಇದ್ದರೂ ಯಾರೂ ಅದನ್ನು ಬಳಸುವುದಿಲ್ಲ. ಪರ್ಮನೆಂಟ್ ಎಂದರೇನೇ ಪಿಂಚಣಿಯ ಪರಿಮಳ ಬರುವುದು. 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಆ ಹಳೆಯ ಪಿಂಚಣಿಯೇ ಇಲ್ಲ ಎಂದು ನೌಕರರು ಬೀದಿಗಿಳಿದು ಕೂಗಿದ್ದು ಇವರ ಕಿವಿಗೆ ಬಿದ್ದಿಲ್ಲ. ಪರಿಮಳ ಮಾತ್ರ ಹಾಗೆಯೇ ಇದೆ.

ನನ್ನ ಅಕ್ಕನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ 33. ಎಂಜಿನಿಯರಿಂಗ್ ಓದಿದ್ದಾನೆ, ಒಂಬತ್ತು ವರ್ಷಗಳಿಂದ ತಯಾರಿಯಲ್ಲಿದ್ದಾನೆ. ಸೈನ್ಯದಲ್ಲಿದ್ದಾನೆ, ಬ್ಯಾಂಕಿನಲ್ಲಿದ್ದಾನೆ ಎನ್ನುವ ಹಾಗೆಯೇ ಅಕ್ಕ "ತಯಾರಿಯಲ್ಲಿದ್ದಾನೆ" ಎನ್ನುತ್ತಾಳೆ. ಯಾವುದರ ತಯಾರಿ ಎಂದು ಕೇಳುವುದು ಅಸಭ್ಯತೆ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಎಸ್‌ಡಿಎ, ಗ್ರಾಮ ಆಡಳಿತಾಧಿಕಾರಿ, ಯಾವ ಸರ್ಕಾರಿ ಹುದ್ದೆಯ ಬಾಗಿಲು ತೆರೆದರೂ ಅವನು ಅದರ ಮುಂದೆ ಹಾಲ್ ಟಿಕೆಟ್ ಹಿಡಿದು ನಿಂತಿರುತ್ತಾನೆ. ಎರಡು ವರ್ಷ ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಆಯಿತು. ಒಂದು ವರ್ಷ ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿ ಅನ್ನ-ಸಾರು ಆಯಿತು. ಈಗ ವಿದ್ಯಾನಗರದ ಒಂದು ರೀಡಿಂಗ್ ರೂಮಿನಲ್ಲಿ ಅವನಿಗೆ ಕಾಯಂ ಕುರ್ಚಿಯಿದೆ. ಬೆಳಿಗ್ಗೆ ಎಂಟಕ್ಕೆ ಡಬ್ಬಿ ಕಟ್ಟಿಸಿಕೊಂಡು ಹೊರಡುತ್ತಾನೆ, ರಾತ್ರಿ ಒಂಬತ್ತಕ್ಕೆ ಬರುತ್ತಾನೆ. ಸಂಬಳ ಒಂದನ್ನು ಬಿಟ್ಟರೆ ನೌಕರಿಗೆ ಬೇಕಾದ ಎಲ್ಲ ಲಕ್ಷಣಗಳೂ ಇವೆ.

ಚಿಕ್ಕವನು ಏನೂ ಮಾಡುತ್ತಿಲ್ಲ. ಹಾಗೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಬಿಕಾಂ ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷ ಯಾವುದೋ ಕಂಪನಿಯ ಲೆಕ್ಕ ಬರೆದ. ಒಂದು ದಿನ ಚೀಲ ಹೊತ್ತು ವಾಪಸು ಬಂದು, ಹಳೇಪೇಟೆಯ ಮುದಿ ಕಲಾವಿದರೊಬ್ಬರ ಬಳಿ ನಾಟಕದ ಪರದೆ ಬರೆಯುವುದನ್ನು ಕಲಿಯತೊಡಗಿದ. ಈಗ ಅವನದೇ ಡ್ರಾಮಾ ಸೀನ್ಸ್ ಇದೆ. ಅರಮನೆ, ಅಡವಿ, ಬೀದಿ, ಜೈಲು, ಬಡವನ ಮನೆ, ಎಲ್ಲವನ್ನೂ ಸುತ್ತಿ ಲಾರಿಗೆ ಹಾಕಿಕೊಂಡು ಹಳ್ಳಿಗಳಿಗೆ ಹೋಗುತ್ತಾನೆ. ಮೈಕು, ದೀಪ, ಉಡುಪಿನ ಪೆಟ್ಟಿಗೆಯೂ ಅವನದೇ. ಯುಗಾದಿ ಕಳೆದು ಜಾತ್ರೆಗಳು ಶುರುವಾದರೆ ಮಳೆ ಹಿಡಿಯುವವರೆಗೆ ಒಂದು ರಾತ್ರಿಯೂ ಬಿಡುವಿಲ್ಲ. ನಾಲ್ಕು ಹುಡುಗರಿಗೆ ಕೂಲಿ ಕೊಡುತ್ತಾನೆ. ಮನೆಯ ಸಾಲದ ಕಂತು ಕಟ್ಟುವವನು ಅವನು, ಅಣ್ಣನ ರೀಡಿಂಗ್ ರೂಮಿನ ಬಾಡಿಗೆಯೂ ಅವನ ಮೊಬೈಲಿನಿಂದಲೇ ಹೋಗುತ್ತದೆ. ನೆಂಟರು ಬಂದಾಗ ಮಾತ್ರ ಭಾವನವರು ಧ್ವನಿ ತಗ್ಗಿಸುತ್ತಾರೆ: "ದೊಡ್ಡವನು ಓದುತ್ತಿದ್ದಾನೆ. ಚಿಕ್ಕವನು ಸುಮ್ಮನೆ ಹೀಗೆ, ನಾಟಕ ಗೀಟಕ ಎಂದು ತಿರುಗುತ್ತಾನೆ." ದುಡಿಯುವವನು ತಿರುಗುತ್ತಾನೆ, ಕೂತವನು ಮುಂದೆ ಬರುತ್ತಾನೆ. ಈ ವ್ಯಾಕರಣವನ್ನು ನಾನು ಯಾವ ಶಾಲೆಯಲ್ಲಿಯೂ ಕಲಿಯಲಿಲ್ಲ.

ಆದರೆ ನಿಷ್ಪಕ್ಷಪಾತವಾಗಿ ನೋಡಿದರೆ ತಯಾರಿಯಷ್ಟು ಭದ್ರವಾದ ಉದ್ಯೋಗ ಈ ರಾಜ್ಯದಲ್ಲಿ ಇನ್ನೊಂದಿಲ್ಲ. ಅದರಿಂದ ನಿಮ್ಮನ್ನು ಯಾರೂ ವಜಾ ಮಾಡಲಾರರು. ತೇರ್ಗಡೆಯಾದರೆ ಮಾತ್ರ ಕೆಲಸ ಹೋಗುವುದು, ಆ ಅಪಾಯ ಬಾರದಂತೆ ಸರ್ಕಾರ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆ. 545 ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್, ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಪಟ್ಟಿ ಬಂತು, ನಮ್ಮವನ ಹೆಸರು ಇರಲಿಲ್ಲ, ಮನೆಯಲ್ಲಿ ಒಲೆ ಹೊತ್ತಲಿಲ್ಲ. ಆಮೇಲೆ ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ಇಡೀ ನೇಮಕಾತಿಯೇ ರದ್ದಾಯಿತು. ಓಎಂಆರ್ ಹಾಳೆಯನ್ನು ಖಾಲಿ ಬಿಟ್ಟು ಬಂದವರಿಗೂ ಅಂಕ ಬಿದ್ದಿದ್ದ ಕಾಲ ಅದು. ಪ್ರಾಮಾಣಿಕವಾಗಿ ಬರೆದು ಆಯ್ಕೆಯಾದವರು ಅತ್ತರು. ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದರು. ಮರುಪರೀಕ್ಷೆ 2024ರ ಜನವರಿಯಲ್ಲಿ ನಡೆಯಿತು. ಅದರಲ್ಲೂ ಆಗಲಿಲ್ಲ, ಆದರೆ ನಡುವಿನ ಆ ಎರಡು ವರ್ಷ ಕೆಲಸಕ್ಕೆ ಭಂಗ ಬರಲಿಲ್ಲವಲ್ಲ!

ಅದೇ ವರ್ಷ ರಾಜ್ಯ ಲೋಕಸೇವಾ ಆಯೋಗವಾದ ಕೆಪಿಎಸ್‌ಸಿಯ 384 ಕೆಎಎಸ್ ಹುದ್ದೆಗಳು. ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ. ಪ್ರಶ್ನೆಗಳ ಕನ್ನಡ ಹೇಗಿತ್ತೆಂದರೆ, ಅರ್ಥವಾಗಬೇಕಾದರೆ ಪಕ್ಕದ ಇಂಗ್ಲಿಷ್ ಓದಬೇಕು. ಇಂಗ್ಲಿಷ್ ಬಾರದ ಹಳ್ಳಿಯ ಹುಡುಗರು ಉತ್ತರ ಹುಡುಕುವ ಮೊದಲು ಪ್ರಶ್ನೆಯನ್ನೇ ಹುಡುಕಬೇಕಾಯಿತು. ಗಲಾಟೆಯಾಗಿ ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ಮಾಡಿದರು, ಮತ್ತೆ ಅನುವಾದದಲ್ಲಿ ತಪ್ಪುಗಳು ಬಂದವು. ನಮ್ಮವನಿಗೆ ಇದರಿಂದ ಬೇಸರವಾಯಿತೆಂದು ತಿಳಿಯಬೇಡಿ. "ಮಾವ, ಈ ಸಲ ಬಿಡಿ, ಮತ್ತೊಮ್ಮೆ ನಡೆಸಬಹುದು" ಎಂದ. ಮುಖದಲ್ಲಿ ಸೇವಾವಧಿ ವಿಸ್ತರಣೆಯಾದವನ ಕಳೆಯಿತ್ತು.

ಆದರೆ ಈ ಕ್ಷೇತ್ರದ ಹಿರಿಯರೆಂದರೆ 2011ನೇ ಸಾಲಿನವರು. ಇದೇ ಕೆಪಿಎಸ್‌ಸಿಯ 362 ಹುದ್ದೆಗಳಿಗೆ ಪರೀಕ್ಷೆ ಬರೆದರು, ಆಯ್ಕೆಯಾದರು, 2014ರಲ್ಲಿ ಸರ್ಕಾರ ಪಟ್ಟಿಯನ್ನು ರದ್ದು ಮಾಡಿತು. ಆಮೇಲೆ ನ್ಯಾಯಮಂಡಳಿ, ಹೈಕೋರ್ಟು, ಸುಪ್ರೀಂ ಕೋರ್ಟು. ಕೊನೆಗೆ 2022ರಲ್ಲಿ ವಿಧಾನಮಂಡಲ ಒಂದು ಕಾಯ್ದೆಯನ್ನೇ ಮಾಡಿ ಆ ಆಯ್ಕೆಯನ್ನು ಸಿಂಧುಗೊಳಿಸಬೇಕಾಯಿತು. ರಾಮ ಕಾಡಿಗೆ ಹೋದದ್ದು ಹದಿನಾಲ್ಕು ವರ್ಷ, ಇವರದು ಹನ್ನೊಂದು. ಇಷ್ಟು ನೋಡಿದ ಮೇಲೂ "ಸರ್ಕಾರಿ ಕೆಲಸವೆಂದರೆ ನಿಶ್ಚಿಂತೆ" ಎನ್ನುವ ನನ್ನ ಭಾವನವರ ನಂಬಿಕೆಯನ್ನು ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಹೋಲಿಸಬಹುದು. ಆ ಕೋಟೆಯಲ್ಲಾದರೂ ಒಂದು ಕಿಂಡಿ ಇತ್ತು.

ಆದ್ದರಿಂದ ನನ್ನದೊಂದು ಸಲಹೆ. ತಯಾರಿಯನ್ನೇ ಒಂದು ಮಂಜೂರಾದ ಹುದ್ದೆಯೆಂದು ಘೋಷಿಸಿಬಿಡಲಿ. ಅಭ್ಯರ್ಥಿ, ಹಿರಿಯ ಅಭ್ಯರ್ಥಿ, ಆಯ್ಕೆ ಶ್ರೇಣಿ ಅಭ್ಯರ್ಥಿ ಎಂದು ಮೂರು ದರ್ಜೆ ಇರಲಿ. ನಿವೃತ್ತಿ ವಯಸ್ಸು ಈಗಾಗಲೇ ಗೊತ್ತಾಗಿದೆ. ಬಹುಪಾಲು ಹುದ್ದೆಗಳಿಗೆ ಮೂಲ ನಿಯಮದಲ್ಲಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದವರಿಗೆ 38, ಪರಿಶಿಷ್ಟರಿಗೆ 40. ವಯೋಮಿತಿ ಸಡಿಲಿಕೆ ಎಂಬ ಮರುನೇಮಕಾತಿಯೂ ಆಗಾಗ ಇರುತ್ತದೆ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತಾರೆ, ಅದೂ ಎರಡು ವರ್ಷ ಮಾತ್ರ. ಒಂದು ಅಧಿಸೂಚನೆ ಹುಟ್ಟಿ ನೇಮಕಾತಿ ಆದೇಶವಾಗಿ ಬೆಳೆಯುವುದಕ್ಕೆ ಎರಡು ವರ್ಷ ಸಾಲದೆಂದು ಲೆಕ್ಕ ಹಾಕಿದವರಿಗೆ ತಿಳಿಯದೆ ಹೋಯಿತೇ? ಹೆಣ್ಣುಮಕ್ಕಳಿಗೆ ಮಾತ್ರ ಈ ಹುದ್ದೆಯಲ್ಲಿಯೂ ಅನ್ಯಾಯವಿದೆ. ಅವರ ತಯಾರಿ ಒಳ್ಳೆಯ ಸಂಬಂಧ ಬರುವವರೆಗೆ ಮಾತ್ರ. ಎದುರುಮನೆಯ ಹುಡುಗಿ ಮುಖ್ಯ ಪರೀಕ್ಷೆಗೆ ಆಯ್ಕೆಯಾದ ವಾರವೇ ನಿಶ್ಚಿತಾರ್ಥವಾಯಿತು. ಗಂಡಿನ ಕಡೆಯವರು "ಓದಲಿ ಬಿಡಿ, ನಾವೇನು ಬೇಡ ಎನ್ನುತ್ತೇವೆಯೇ" ಎಂದರು. ಅವಳ ಪುಸ್ತಕಗಳು ಈಗ ನಮ್ಮವನ ಬಳಿ ಇವೆ.

ಸ್ಥಿರತೆಯ ಬಗ್ಗೆ ನನಗೂ ಸ್ವಲ್ಪ ಗೊತ್ತು. ನನ್ನ ಅಪ್ಪ ಹತ್ತಿ ಮಿಲ್ಲಿನಲ್ಲಿ ಪರ್ಮನೆಂಟ್ ಕಾರ್ಮಿಕ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ. ಮಿಲ್ಲಿನ ಸೈರನ್ ಕೂಗಿದರೆ ಇಡೀ ಓಣಿ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು. ಅಪ್ಪನನ್ನು ನೋಡಿ ಅಲ್ಲ, ಆ ಸೈರನ್ನನ್ನು ಕೇಳಿ ಅವ್ವನನ್ನು ಕೊಟ್ಟರು. ಒಂದು ಬೆಳಿಗ್ಗೆ ಸೈರನ್ ಕೂಗಲಿಲ್ಲ. ಗೇಟಿಗೆ ಬೀಗ ಬಿದ್ದಿತ್ತು. ಬಾಕಿ ಹಣಕ್ಕಾಗಿ ಅಪ್ಪ ಎಷ್ಟೋ ವರ್ಷ ಅಲೆದ. ಆ ಮಿಲ್ಲಿನಲ್ಲಿ ಪರ್ಮನೆಂಟಾಗಿ ಉಳಿದದ್ದು ಬೀಗವೊಂದೇ. ಒಂದರ ಹಿಂದೆ ಒಂದು ಮಿಲ್ಲು ಹೀಗೆ ಕಣ್ಣು ಮುಚ್ಚಿದಾಗಲೂ ಬೆಣ್ಣೆ ದೋಸೆಯ ಒಲೆ ಮಾತ್ರ ಆರಲಿಲ್ಲ. ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ರಾಗಿ ದೋಸೆ ಹಾಕುತ್ತಾ ಅದನ್ನು ಶುರು ಮಾಡಿದಳೆಂದು ಊರಿನ ಹಿರಿಯರು ಹೇಳುತ್ತಾರೆ. ಪುಣ್ಯಕ್ಕೆ ಆಕೆಗೆ ಈ ಊರಿನಲ್ಲಿ ನೆಂಟರಿರಲಿಲ್ಲ. ಇದ್ದಿದ್ದರೆ ಕಾವಲಿ ಕಾಯುವ ಮೊದಲೇ "ಪರ್ಮನೆಂಟಾ?" ಎಂದು ಕೇಳಿ ನೀರು ಚಿಮುಕಿಸುತ್ತಿದ್ದರು.

ಹಾಗೆಂದು ಎಲ್ಲವನ್ನೂ ಬಿಟ್ಟು ಹೊರಡಿ ಎನ್ನುವವರ ಸಹವಾಸವೂ ಬೇಡ. ಕಳೆದ ವರ್ಷ ಇಲ್ಲಿನ ಒಂದು ಕಾಲೇಜಿಗೆ ಸ್ಫೂರ್ತಿ ತುಂಬುವ ಭಾಷಣಕಾರರೊಬ್ಬರು ಬಂದಿದ್ದರು. "ಹೃದಯದ ಮಾತು ಕೇಳಿ, ಗುಲಾಮಗಿರಿಗೆ ರಾಜೀನಾಮೆ ಎಸೆಯಿರಿ" ಎಂದು ಗುಡುಗಿದರು. ನಮ್ಮ ಊರಿನಲ್ಲಿ ಹೃದಯ ಮಾತನಾಡಿದರೆ ಇಸಿಜಿ ಮಾಡಿಸುತ್ತಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಊಟದ ಹೊತ್ತಿಗೆ ತಿಳಿಯಿತು, ಸ್ವಾಮಿಗಳು ಸರ್ಕಾರಿ ಉಪನ್ಯಾಸಕರು, ಅಂದು ಸಾಂದರ್ಭಿಕ ರಜೆ ಹಾಕಿ ಬಂದಿದ್ದರು.

ಈಗ ಮನೆಯ ಗಂಟು ಹೀಗಿದೆ. ನೌಕರಿಯಾಗದೆ ದೊಡ್ಡವನ ಮದುವೆ ಆಗುವಂತಿಲ್ಲ. ದೊಡ್ಡವನದು ಆಗದೆ ಚಿಕ್ಕವನದು ಆಗುವಂತಿಲ್ಲ. ಹೀಗಾಗಿ ಕೆಪಿಎಸ್‌ಸಿಯ ಒಂದು ಅನುವಾದದೋಷದಿಂದ ದಾವಣಗೆರೆಯ ಇಬ್ಬರು ವರರು ಕಾದು ಕೂತಿದ್ದಾರೆ. ಹೋದ ತಿಂಗಳು ಒಂದು ಸಂಬಂಧ ಬಂದಿತ್ತು. ಹೆಣ್ಣಿನ ತಂದೆ ಮನೆಯನ್ನೆಲ್ಲ ನೋಡಿ ಮೆಚ್ಚಿದರು. ಹೊಸ ಮಹಡಿ ಕಟ್ಟಿಸಿದ್ದು ಯಾರೆಂದು ಕೇಳಿದರು. ಚಿಕ್ಕವನು ಎಂದು ಅಕ್ಕ ಹೇಳಿದಳು. "ಅವನು ಏನು ಮಾಡಿಕೊಂಡಿದ್ದಾನೆ?" ಅಕ್ಕ ನನ್ನ ಮುಖ ನೋಡಿದಳು. ನಾನು ಮಂಡಕ್ಕಿಯ ತಟ್ಟೆ ನೋಡಿದೆ. ಭಾವನವರು, "ಏನೂ ಇಲ್ಲ" ಎಂದರು.

ಮೊನ್ನೆ ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಜಾತ್ರೆಯ ನಾಟಕ. ಚಿಕ್ಕವನದೇ ಸೀನ್ಸ್. ಕೊನೆಯ ದೃಶ್ಯದಲ್ಲಿ ಬಂದು ಖಳನಾಯಕನಿಗೆ ಕೋಳ ತೊಡಿಸಬೇಕಾದ ಸಬ್ ಇನ್ಸ್‌ಪೆಕ್ಟರ್ ಪಾತ್ರಧಾರಿಗೆ ಸಂಜೆಯಿಂದ ವಾಂತಿಭೇದಿ. ರೀಡಿಂಗ್ ರೂಮಿಗೆ ರಜೆಯಿದ್ದುದರಿಂದ ನನ್ನ ಜೊತೆ ನಾಟಕ ನೋಡಲು ಬಂದಿದ್ದ ದೊಡ್ಡವನನ್ನು ತಮ್ಮ ಕೈಹಿಡಿದು ಒಳಗೆ ಎಳೆದುಕೊಂಡು ಹೋದ. ಇದ್ದದ್ದು ಮೂರೇ ಮಾತು, ಅದೂ ಭಾರತೀಯ ದಂಡ ಸಂಹಿತೆಯದು. ನಮ್ಮವನಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಆ ಸಂಹಿತೆ ಹೋಗಿ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸೆಕ್ಷನ್ ಬದಲಾಗಿದೆ ಎಂದು ನಾಟಕದ ಮೇಷ್ಟರನ್ನೇ ತಿದ್ದಿದನಂತೆ.

ಬೆಳಗಿನ ನಾಲ್ಕು ಗಂಟೆಗೆ ಅವನು ರಂಗಕ್ಕೆ ಬಂದ. ಖಾಕಿ ಅಂಗಿ ಹೊಟ್ಟೆಯ ಹತ್ತಿರ ಬಿಗಿದಿತ್ತು, ಒಂಬತ್ತು ವರ್ಷ ಕೂತು ಓದಿದ ಹೊಟ್ಟೆ ಅದು. ಭುಜದ ಮೇಲೆ ಎರಡು ನಕ್ಷತ್ರ ಮಿನುಗುತ್ತಿದ್ದವು. ಚಿಕ್ಕವನು ಪಕ್ಕದಿಂದ ಅವನ ಮೇಲೆ ದೀಪ ಬಿಟ್ಟ. ಅವನು ಸೆಲ್ಯೂಟ್ ಹೊಡೆದ ರೀತಿಗೆ ನಿದ್ದೆ ಹೋಗಿದ್ದ ಮಕ್ಕಳೆಲ್ಲ ಎದ್ದು ಕೂತರು. ಸೆಕ್ಷನ್ ಹೇಳಿದ, ಕೋಳ ಹಾಕಿದ, ಶಿಳ್ಳೆ ಬಿದ್ದವು. ಪರದೆ ಇಳಿಯಿತು. ಅವನು ಮಾತ್ರ ಅಂಗಿ ಬಿಚ್ಚದೆ ಪರದೆಯ ಹಿಂದೆ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದ.

ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಊರಿನ ಗೌಡರು ನನ್ನ ಕಡೆ ವಾಲಿದರು.

"ಆ ಇನ್ಸ್‌ಪೆಕ್ಟರ್ ಹುಡುಗ ನಿಮ್ಮ ಕಡೆಯವನಂತಲ್ಲ. ನಮ್ಮ ತಮ್ಮನ ಮಗಳೊಬ್ಬಳಿದ್ದಾಳೆ. ಹುಡುಗ ಪರ್ಮನೆಂಟಾ?"